ವರ್ಕ್ ಫ್ರಮ್ ಹೋಮ್‌ನಿಂದ ನಗರದ ಹೊರೆ ಎಷ್ಟು ಶೇಕಡಾ ಕಡಿಮೆ ಅಂತ ಹಿಡಿಯಲಿ? ದಯವಿಟ್ಟು ಏನನ್ನೂ ಹಿಡಿಯಬೇಡಿ

ಸ್ಮಾರ್ಟ್ ಸಿಟಿ ಯೋಜನೆಯೊಂದರ ಡೇಟಾ ತಂಡಕ್ಕೆ ಸೇರುತ್ತಿದ್ದೀರಿ, ಕೆಲಸ ಪೂರ್ತಿ ರಿಮೋಟ್. ಜನ ಮನೆಯಿಂದಲೇ ಕೆಲಸ ಮಾಡಿದರೆ ನಗರದ ಮೇಲಿನ ಹೊರೆ ಎಷ್ಟು ಶೇಕಡಾ ಇಳಿಯುತ್ತದೆ ಅಂತ ಕೇಳಿದ್ದೀರಿ. ಓದಿ ನಗು ಬಂತು, ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. 2021ರಲ್ಲಿ ನಾನೂ ಇದನ್ನೇ ಕೇಳುತ್ತಾ ಓಡಾಡಿದ್ದೆ. ಯಾರೂ ಹೇಳಲಿಲ್ಲ. ಕೊನೆಗೆ ನಾನೇ ಒಂದು ಅಂಕಿ ಹಾಕಿಕೊಂಡೆ. ಎಷ್ಟು ಅಂತ ಕೇಳಬೇಡಿ, ಈಗಲೂ ನಾಚಿಕೆ ಆಗುತ್ತದೆ.

ನನ್ನ ಪಾಲಿಗೆ ಬಂದದ್ದು ಕಸ. ನಗರದ ದೊಡ್ಡ ತೊಟ್ಟಿಗಳ ಮುಚ್ಚಳದ ಒಳಗೆ ಸೆನ್ಸರ್ ಕೂರಿಸಿದ್ದರು. ತೊಟ್ಟಿ ಎಷ್ಟು ತುಂಬಿದೆ ಅಂತ ಅದು ಹೇಳುತ್ತದೆ, ರಾತ್ರಿ ನಮ್ಮ ಸಾಫ್ಟ್‌ವೇರ್ ಮರುದಿನದ ಲಾರಿ ರೂಟು ಹಾಕುತ್ತದೆ. ಖಾಲಿ ತೊಟ್ಟಿಯ ಹತ್ತಿರ ಲಾರಿ ಸುಮ್ನೆ ಹೋಗುವುದು ಬೇಡ, ಡೀಸೆಲ್ ಉಳಿಯುತ್ತದೆ. ಒಳ್ಳೆ ಯೋಚನೆಯೇ. ನಾನಿದ್ದದ್ದು ಒಂದು ಊರಲ್ಲಿ, ಆ ತೊಟ್ಟಿಗಳಿದ್ದದ್ದು ಇನ್ನೊಂದು ಊರಲ್ಲಿ. ಒಂದನ್ನೂ ಮುಟ್ಟಿ ನೋಡಿರಲಿಲ್ಲ. ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಚುಕ್ಕೆಗಳು, ಅಷ್ಟೇ ನನಗೆ ಗೊತ್ತಿದ್ದ ನಗರ.

ಈಗ ತಪ್ಪಿಗೆ ಬರುತ್ತೇನೆ. ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀವು ಮಾಡೋದೂ ಇದೇ ಜಾತಿಯ ತಪ್ಪು ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ.

ಆ ಸೆನ್ಸರ್ ಕೆಲಸ ಮಾಡೋದು ಬಾವಲಿ ಥರ. ಮೇಲಿಂದ ಕೆಳಗೆ ಅಲ್ಟ್ರಾಸೌಂಡ್ ಬಿಡುತ್ತದೆ, ಅದು ಕಸಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ನೋಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ತಳ 1.2 ಮೀಟರ್ ಕೆಳಗಿದ್ದರೆ ಹೋಗಿ ಬರಲು ಸುಮಾರು 7 ಮಿಲಿಸೆಕೆಂಡ್. ಅರ್ಧ ತುಂಬಿದ್ದರೆ ಅದರ ಅರ್ಧ. ಇಷ್ಟೇ ವಿದ್ಯೆ. ಆದರೆ ಕೆಲವೊಮ್ಮೆ ಪ್ರತಿಧ್ವನಿ ವಾಪಸ್ಸೇ ಬರುವುದಿಲ್ಲ, ಆಗ ಸೆನ್ಸರ್ 'ಏನೂ ಕೇಳಲಿಲ್ಲ' ಅಂತ ಒಂದು ಕೋಡ್ ಕಳಿಸುತ್ತದೆ. ಪರೀಕ್ಷೆಯ ಡೇಟಾ ತೆಗೆದು ನೋಡಿದೆ. ಆ ಕೋಡ್ ಬಂದಾಗೆಲ್ಲ ತೊಟ್ಟಿ ಖಾಲಿ ಇತ್ತು. ತಳ ದೂರ, ಶಬ್ದ ಅಲ್ಲೇ ಚದುರಿ ಹೋಗುತ್ತಿತ್ತು. ಸರಿ, ಒಂದು ಸಾಲು ಬರೆದೆ: ಪ್ರತಿಧ್ವನಿ ಇಲ್ಲ ಅಂದರೆ ತೊಟ್ಟಿ ಖಾಲಿ ಅಂತ ತಿಳಿ. ಎರಡು ನಿಮಿಷದ ಕೆಲಸ. ಮುಗಿಸಿ ಮಲಗಿದೆ.

ಆ ಪರೀಕ್ಷೆಯ ಡೇಟಾ ಎಲ್ಲಿಯದು ಗೊತ್ತಾ? ಆಫೀಸುಗಳಿರುವ ಏರಿಯಾದ್ದು, ಅದೂ 2019ರದ್ದು. ಅಲ್ಲಿ ಲಾರಿ ದಿನಾ ಬರುತ್ತಿತ್ತು, ತೊಟ್ಟಿ ಒಮ್ಮೆಯೂ ಉಕ್ಕಿರಲಿಲ್ಲ. ನಾವು ಯೋಜನೆ ಶುರು ಮಾಡುವ ಹೊತ್ತಿಗೆ ಆ ಆಫೀಸುಗಳ ಅರ್ಧ ಜನ ಮನೆಯಲ್ಲಿದ್ದರು. ಅವರ ಕಸವೂ ಅವರ ಜೊತೆಗೇ ಮನೆಗೆ ಹೋಗಿತ್ತು. ಡೆಲಿವರಿಯ ರಟ್ಟಿನ ಡಬ್ಬಗಳು ಬೇರೆ. ಮನೆಗಳ ಬೀದಿಯ ತೊಟ್ಟಿ ವಾರದ ಮಧ್ಯಕ್ಕೇ ತುಂಬಿ, ಕಸ ಮೇಲೆದ್ದು, ಮುಚ್ಚಳ ಹಾಕಲಾಗದೆ ಹಿಂದಕ್ಕೆ ಬೀಳುತ್ತಿತ್ತು. ಮುಚ್ಚಳ ಹಿಂದಕ್ಕೆ ಬಿದ್ದರೆ ಸೆನ್ಸರ್ ನೋಡುವುದು ಕಸವನ್ನಲ್ಲ, ಆಕಾಶವನ್ನು. ಆಕಾಶದಿಂದ ಪ್ರತಿಧ್ವನಿ ಬರುತ್ತದಾ? ಬರಲ್ಲ. ಪ್ರತಿಧ್ವನಿ ಇಲ್ಲ, ನನ್ನ ಸಾಲಿನ ಪ್ರಕಾರ ತೊಟ್ಟಿ ಖಾಲಿ, ನಕ್ಷೆಯಲ್ಲಿ ಹಸಿರು ಚುಕ್ಕೆ. ಲಾರಿ ಆ ಬೀದಿ ಬಿಟ್ಟು ಮುಂದೆ ಹೋಗುತ್ತದೆ. ಮರುದಿನ ಕಸ ಇನ್ನೂ ಜಾಸ್ತಿ, ಚುಕ್ಕೆ ಮತ್ತೂ ಹಸಿರೇ. ಇಡೀ ನಗರದಲ್ಲಿ ಗಬ್ಬೆದ್ದು ನಾರುತ್ತಿದ್ದ ತೊಟ್ಟಿಗಳೇ ನನ್ನ ಪರದೆಯ ಮೇಲೆ ಎಲ್ಲಕ್ಕಿಂತ ಚೊಕ್ಕ.

ಹನ್ನೊಂದು ದಿನ ಹೀಗೇ ನಡೆಯಿತು. ಆ ಹನ್ನೊಂದು ದಿನದಲ್ಲಿ ನಾನು ಒಂದು ವರದಿ ಬೇರೆ ಬರೆದು ಕಳಿಸಿದ್ದೆ. ವರ್ಕ್ ಫ್ರಮ್ ಹೋಮ್‌ನಿಂದ ನಗರದ ಕಸದ ಹೊರೆ ಇಳಿದಿದೆ, ಲಾರಿ ಓಡಾಟ ಕಡಿಮೆಯಾಗಿದೆ, ಗ್ರಾಫ್ ನೋಡಿ ಅಂತ.

ಹನ್ನೆರಡನೇ ದಿನ ಒಬ್ಬ ಲಾರಿ ಡ್ರೈವರ್ ಎಲ್ಲಿಂದಲೋ ನನ್ನ ನಂಬರ್ ಹುಡುಕಿ ಒಂದು ಫೋಟೋ ಕಳಿಸಿದ. ಹಿಂದಕ್ಕೆ ಬಿದ್ದ ಮುಚ್ಚಳ, ಅದರ ಮಧ್ಯೆ ಮೇಲೆ ನೋಡುತ್ತಾ ಕೂತಿರುವ ನಮ್ಮ ಸೆನ್ಸರ್, ಸುತ್ತ ಮೊಣಕಾಲುದ್ದ ಕಸ. ಆಮೇಲೆ ಫೋನ್ ಮಾಡಿ ಒಂದೇ ಮಾತು ಕೇಳಿದ, "ನಿಮ್ಮ ಕಂಪ್ಯೂಟರ್‌ಗೆ ಮೂಗಿಲ್ವಾ ಸಾರ್?"

ಎರಡನೇ ಹಂತದ ಕೆಲಸ ನಮ್ಮ ಕಂಪನಿಗೆ ಸಿಗಲಿಲ್ಲ. ತಂಡ ಒಡೆಯಿತು, ನನ್ನ ಕೆಲಸವೂ ಹೋಯಿತು. ಅದು ಬಿಡಿ.

ನಿಮ್ಮ ಪ್ರಶ್ನೆಗೆ ಬಂದರೆ, ಅದು ಕೇಳುವ ರೀತಿಯಲ್ಲೇ ತಪ್ಪಿದೆ. ಮನೆಯಿಂದ ಕೆಲಸ ಮಾಡುವವನು ನಗರ ಬಿಟ್ಟು ಮಾಯವಾಗುವುದಿಲ್ಲ ಅಲ್ವಾ? ಅವನ ನೀರು, ಕರೆಂಟು, ಕಸ, ಮಧ್ಯಾಹ್ನದ ಓಡಾಟ ಎಲ್ಲ ಬೇರೆ ಜಾಗಕ್ಕೆ, ಬೇರೆ ಗಂಟೆಗೆ ಹೋಗುತ್ತದೆ. 2020ರಲ್ಲಿ ಹಲವು ನಗರಗಳ ಮೀಟರುಗಳಲ್ಲಿ ಮನೆಗಳ ನೀರಿನ ಬಳಕೆ ಏರಿತು, ಆಫೀಸುಗಳದ್ದು ಇಳಿಯಿತು, ಬೆಳಗಿನ ಪೀಕ್ ತಡವಾಯಿತು. ಪಂಪ್ ಓಡಿಸುವವನಿಗೆ ಬೇಕಾದದ್ದು ಆ ಗಂಟೆ, ಶೇಕಡಾ ಕಟ್ಟಿಕೊಂಡು ಅವನೇನು ಮಾಡಲಿ?

ರಸ್ತೆಗೆ ಬದಲು ಫೋನ್ ತಂತಿ ಅನ್ನುವ ಆಸೆ ಹೊಸದೇನಲ್ಲ. ಜ್ಯಾಕ್ ನಿಲ್ಲೆಸ್ ಅನ್ನುವ ಎಂಜಿನಿಯರ್ 1973ರಲ್ಲೇ ಇದಕ್ಕೆ 'ಟೆಲಿಕಮ್ಯೂಟಿಂಗ್' ಅಂತ ಹೆಸರಿಟ್ಟಿದ್ದರು. ಹೆಸರಿಟ್ಟು ಐವತ್ತು ವರ್ಷ ದಾಟಿತು, ಟ್ರಾಫಿಕ್ ಇನ್ನೂ ಇದೆ. ಲಂಡನ್ ನೋಡಿ. ಹೈಬ್ರಿಡ್ ಕೆಲಸ, ಅಂದರೆ ಕೆಲವು ದಿನ ಆಫೀಸು ಕೆಲವು ದಿನ ಮನೆ, ಬಂದ ಮೇಲೆ ಅಲ್ಲಿ ಮಂಗಳವಾರದಿಂದ ಗುರುವಾರದವರೆಗೆ ರೈಲು ತುಂಬಿರುತ್ತದೆ, ಶುಕ್ರವಾರ ಜನ ಕಡಿಮೆ. 2024ರ ಮಾರ್ಚ್‌ನಿಂದ ಮೇ ವರೆಗೆ ಶುಕ್ರವಾರ ಇಡೀ ದಿನ ಕಡಿಮೆ ಟಿಕೆಟ್ ದರ ಇಟ್ಟು ನೋಡಿದರು, ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗಲಿಲ್ಲ. ವಾರದ ಸರಾಸರಿ ತೆಗೆದರೆ ಜನ ಕಡಿಮೆ ಅಂತ ಬರುತ್ತದೆ. ಆ ಸರಾಸರಿ ನಂಬಿ ಬುಧವಾರದ ರೈಲು ಕಡಿತ ಮಾಡಿದರೆ ಏನಾಗುತ್ತದೆ ನೀವೇ ಊಹಿಸಿ.

ಇನ್ನೊಂದು ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಸ್ಮಾರ್ಟ್ ಸಿಟಿ ಅಂದ ತಕ್ಷಣ ಸರ್ಕಲ್‌ನಲ್ಲಿ ಉಚಿತ ವೈಫೈ ಕಂಬ ನೆಡುತ್ತಾರೆ. ಕೆಲಸ ಮಾಡುವವನು ಸರ್ಕಲ್‌ನಲ್ಲಿ ಕೂರುತ್ತಾನಾ? ಮನೆಯಲ್ಲಿ ಕೂರುತ್ತಾನೆ. ಮನೆಗೆ ಇನ್ನೂ ಹಳೆ ತಾಮ್ರದ ಲೈನೇ ಇದ್ದರೆ, ಎಡಿಎಸ್‌ಎಲ್ 2 ಪ್ಲಸ್ ಅನ್ನುವ ಫೋನ್ ತಂತಿಯ ಇಂಟರ್ನೆಟ್‌ನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 24 ಮೆಗಾಬಿಟ್ ವರೆಗೆ ಸಿಗುತ್ತದೆ, ಅಪ್‌ಲೋಡ್ ಮಾತ್ರ ಒಂದು ಚಿಲ್ಲರೆ. ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ವಿಡಿಯೋ ಕಾಲ್‌ಗೆ ಕೂತರೆ ಒಬ್ಬರ ಮುಖ ಕಲ್ಲಾಗುತ್ತದೆ. ಮೊದಲು ಆ ಅಪ್‌ಲೋಡ್ ಸರಿ ಮಾಡಲಿ, ಕಂಬ ಆಮೇಲೆ.

ಹೈಬ್ರಿಡ್ ಆಫರ್ ಇನ್ನೊಂದಿದೆ, ಸಂಬಳ ಸ್ವಲ್ಪ ಕಡಿಮೆ ಅಂದಿರಲ್ಲ, ಅದನ್ನೇ ತಗೊಳ್ಳಿ. ಎರಡನ್ನೂ ತೂಗಿ ನೋಡುವ ತಾಳ್ಮೆ ನನಗಿಲ್ಲ. ಪೂರ್ತಿ ರಿಮೋಟೇ ಬೇಕು ಅಂತಿದ್ದರೆ ಒಂದು ಷರತ್ತು ಹಾಕಿ. ಕೋಡ್ ಬರೆಯುವ ಮೊದಲು ಒಂದು ವಾರ ಆ ಊರಿಗೆ ಹೋಗಿ ಲಾರಿಯಲ್ಲೋ, ಪಂಪ್‌ಹೌಸ್‌ನಲ್ಲೋ, ಸಿಗ್ನಲ್ ಕಂಟ್ರೋಲ್ ರೂಮಿನಲ್ಲೋ ಕೂರುತ್ತೇನೆ ಅನ್ನಿ. ಒಪ್ಪದಿದ್ದರೆ ಸೇರಬೇಡಿ. ಸೇರಿದ ಮೇಲೆ ಮೊದಲ ದಿನವೇ ಎರಡು ವಿಷಯ ಕೇಳಿ: ಈ ಡೇಟಾ ಯಾವ ಬೀದಿಯದು, ಯಾವ ವರ್ಷದ್ದು? ಸೆನ್ಸರ್ ಸುಮ್ಮನಾದರೆ ನಿಮ್ಮ ಸಿಸ್ಟಮ್ ಏನಂತ ತಿಳಿದುಕೊಳ್ಳುತ್ತದೆ?

ನನ್ನ ಆ ಸಾಲನ್ನು ಕೆಲಸ ಬಿಡುವ ಮುಂಚೆ ನಾನೇ ಅಳಿಸಿದೆ. ಪ್ರತಿಧ್ವನಿ ಇಲ್ಲದಿದ್ದರೆ ಬೂದು ಚುಕ್ಕೆ, ಪಕ್ಕದಲ್ಲಿ 'ಹೋಗಿ ನೋಡಿ' ಅಂತ. ಮೊದಲ ದಿನ ನಕ್ಷೆ ತೆರೆದಾಗ ಮನೆಗಳ ಏರಿಯಾ ಮುಕ್ಕಾಲು ಪಾಲು ಬೂದು ಬಣ್ಣವಾಗಿತ್ತು.