ಕ್ಲಚ್ ಪೆಡಲ್ ಕೆಳಗೇ ಉಳಿಯುತ್ತಿದೆಯಾ? ಗೇರ್‌ಬಾಕ್ಸ್ ಇಳಿಸುವ ಮುಂಚೆ ನಿಪ್ಪಲ್ ಸಡಿಲಿಸಿ ನೋಡಿ

ಪ್ರಶ್ನೆ: ನಮ್ಮದು 2003ರ ಕ್ವಾಲಿಸ್, ಡೀಸೆಲ್. ಅಪ್ಪ ಕೊಂಡ ಗಾಡಿ, ಮಾರಲು ಮನಸ್ಸಿಲ್ಲ. ಈ ಮಳೆಗಾಲದಿಂದ ಕ್ಲಚ್ ಒತ್ತಿದರೆ ಪೆಡಲ್ ಕೆಳಗೇ ನಿಂತು, ನಿಧಾನವಾಗಿ ಮೇಲೆ ಬರುತ್ತಿದೆ. ಪಾದದ ತುದಿ ಕೊಟ್ಟು ಎತ್ತಿದರೆ ಸಲೀಸಾಗಿ ಬರುತ್ತದೆ. ಆದರೂ ಗಾಡಿ ತಕ್ಷಣ ಎಳೆಯುವುದಿಲ್ಲ, ಎರಡು ಮೂರು ಸೆಕೆಂಡ್ ಬಿಟ್ಟು ಜರ್ಕ್ ಹೊಡೆದು ಹೊರಡುತ್ತದೆ. ಆಗುಂಬೆ ಘಾಟಿಯಲ್ಲಿ ಭಯವೇ ಆಯಿತು. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಹಾಕಬೇಕು ಅಂದರು. ಹಾಕಿಸಲಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇನ್ನೂ ಒಪ್ಪಬೇಡಿ. ನಿಮ್ಮ ಪತ್ರದಲ್ಲೇ ಒಂದು ದೊಡ್ಡ ಸುಳಿವು ಇದೆ. ಪೆಡಲ್ ಮೇಲೆ ಬಂದರೂ ಗಾಡಿ ಎಳೆಯುವುದಿಲ್ಲ ಅಂದಿರಿ. ಪೆಡಲಿನ ಬುಷ್ ತುಕ್ಕು ಹಿಡಿದಿದ್ದರೆ, ಎತ್ತಿದ ಕೂಡಲೇ ಗಾಡಿ ಹೊರಡಬೇಕಿತ್ತು. ಹಾಗಾಗಿ ತೊಂದರೆ ಪೆಡಲಿನಿಂದ ಮುಂದೆ ಎಲ್ಲೋ ಇದೆ. (ಕಾಲಡಿಯ ಮ್ಯಾಟ್ ಪೆಡಲಿಗೆ ತಾಗುತ್ತಿಲ್ಲ ಅಂತ ಮಾತ್ರ ಒಮ್ಮೆ ನೋಡಿಬಿಡಿ.)

ನಾನು ಕೆಲಸ ಕಲಿತದ್ದೇ ಕ್ವಾಲಿಸ್‌ಗಳ ಕೆಳಗೆ ಮಲಗಿ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಬಂದು, 2005ರಲ್ಲಿ ಇನೋವಾಕ್ಕೆ ಜಾಗ ಬಿಟ್ಟುಕೊಟ್ಟ ಗಾಡಿ ಅದು. ಅದರ ಕ್ಲಚ್‌ಗೆ ಕೇಬಲ್ ಇಲ್ಲ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆಯಿಲ್ ಲೋಹದ ಪೈಪು, ಆಮೇಲೆ ರಬ್ಬರ್ ಹೋಸ್ ದಾಟಿ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿಂದ ಫೋರ್ಕ್ ಅನ್ನುವ ಸನ್ನೆಕೋಲು, ಅದು ತಳ್ಳುವ ರಿಲೀಸ್ ಬೇರಿಂಗ್. ಕಾಲು ತೆಗೆದಾಗ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಎಲ್ಲವನ್ನೂ ವಾಪಸ್ ನೂಕಬೇಕು, ಹೋದ ಆಯಿಲ್ ಅದೇ ದಾರಿಯಲ್ಲಿ ಹಿಂದೆ ಬರಬೇಕು. ನಿಮ್ಮ ಗಾಡಿಯಲ್ಲಿ ಈ ವಾಪಸ್ ದಾರಿ ಎಲ್ಲೋ ಕಟ್ಟಿಕೊಂಡಿದೆ. ಎಲ್ಲಿ ಅಂತ ಹುಡುಕಲು ಇಬ್ಬರು ಬೇಕು, ಒಂದು ರಿಂಗ್ ಸ್ಪ್ಯಾನರ್, ಪೈಪಿನ ನಟ್ ಸಡಿಲಿಸುವ ಒಂದು ಸ್ಪ್ಯಾನರ್ ಬೇಕು, ಅಷ್ಟೇ.

ಸ್ಲೇವ್ ಮೇಲಿನ ಬ್ಲೀಡಿಂಗ್ ನಿಪ್ಪಲ್ (ಆಯಿಲ್, ಏರ್ ಹೊರಗೆ ಬಿಡುವ ಸಣ್ಣ ತಿರುಪು) ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಇದಕ್ಕೆ ಬಾಯಿ ತೆರೆದ ಸ್ಪ್ಯಾನರ್ ಬೇಡ, ನಿಪ್ಪಲ್ ಮೂಲೆ ಸವೆದರೆ ಕೆಲಸ ದುಪ್ಪಟ್ಟು. ಗಾಡಿ ಎತ್ತಿದ್ದರೆ ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ.

ಈಗ ಒಬ್ಬರು ಕ್ಲಚ್ ಒತ್ತಿ ಬಿಡಲಿ. ಕೆಳಗಿರುವವರು ಫೋರ್ಕ್ ನೋಡಲಿ. ಅದು ತಡಮಾಡಿ ನಿಂತಿರುವಾಗಲೇ, ನಿಪ್ಪಲಿಗೆ ಒಂದು ಟ್ಯೂಬ್ ಹಾಕಿ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ, ಫೋರ್ಕ್ ಟಕ್ಕಂತ ಹಿಂದೆ ಬಂದರೆ ಸಂತೋಷಪಡಿ. ಸ್ಲೇವ್, ಫೋರ್ಕ್, ಬೇರಿಂಗ್ ಎಲ್ಲ ಸಲೀಸಾಗಿವೆ ಅಂತ ಅರ್ಥ. ಗೇರ್‌ಬಾಕ್ಸ್ ಇಳಿಸುವ ಮಾತೇ ಬೇಡ.

ನಿಪ್ಪಲ್ ಬಿಗಿ ಮಾಡಿ ಮತ್ತೆ ಒತ್ತಿ ಬಿಡಿ. ಈ ಸಲ ಹೋಸಿನ ಮೇಲ್ತುದಿಗೆ ಲೋಹದ ಪೈಪ್ ಸೇರುವಲ್ಲಿ ನಟ್ ಸಡಿಲಿಸಿ. ಆಗ ಫೋರ್ಕ್ ವಾಪಸ್ ಬಂದರೆ ತಪ್ಪು ಮಾಸ್ಟರಿನದು. ಬರದೇ ಕೂತರೆ ಹೋಸಿನದು. ಇಪ್ಪತ್ತು ವರ್ಷ ದಾಟಿದ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ರಬ್ಬರ್ ಉಬ್ಬಿ ಅಥವಾ ಪದರ ಬಿಟ್ಟು ದಾರಿ ಮುಚ್ಚಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರುವಾಗ ಆ ರಬ್ಬರೇ ಬಾಗಿಲು ಹಾಕಿದಂತೆ ಅಡ್ಡ ನಿಲ್ಲುತ್ತದೆ. ನೀವು ಬರೆದ ಎರಡು ಮೂರು ಸೆಕೆಂಡ್ ಲೆಕ್ಕ ನೋಡಿದರೆ ನನ್ನ ಅನುಮಾನ ಜಾಸ್ತಿ ಇದರ ಮೇಲೇ.

ನಿಪ್ಪಲ್ ಬಿಚ್ಚಿದರೂ ಫೋರ್ಕ್ ಕದಲದಿದ್ದರೆ ಸ್ಲೇವ್ ಬಿಚ್ಚಿ ಅದರ ರಬ್ಬರ್ ಬೂಟ್ ಎತ್ತಿ ನೋಡಿ. ಮಲೆನಾಡಿನ ಮಳೆಯಲ್ಲಿ ಹರಿದ ಬೂಟಿನೊಳಗೆ ನೀರು, ಕೆಂಪು ಕೆಸರು ಸೇರಿ ಪಿಸ್ಟನ್ ತುಕ್ಕು ಹಿಡಿಯುವುದು ತೀರಾ ಮಾಮೂಲು. ಸ್ಲೇವ್ ಹೊರಗಿರುವಾಗ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹಾರಿ ಬರುತ್ತದೆ. ಸ್ಲೇವ್ ಚೆನ್ನಾಗಿದ್ದರೆ ಮಾತ್ರ ಉಳಿಯುವುದು ಫೋರ್ಕ್, ಬೇರಿಂಗ್, ಪ್ರೆಶರ್ ಪ್ಲೇಟ್. ಆಗ ಗೇರ್‌ಬಾಕ್ಸ್ ಇಳಿಸಲೇಬೇಕು, ನಾನೂ ಅದನ್ನೇ ಹೇಳುತ್ತೇನೆ.

ಕ್ಲಚ್‌ನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡುವುದನ್ನು ಮರೆಯಬೇಡಿ. ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆಯಾ? ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗಿಂದಲೇ ತುಕ್ಕು ಶುರುವಾಗುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಊದಿಕೊಂಡು ಮೊದಲಿನ ಜಾಗದಲ್ಲಿ ಕೂರುವುದಿಲ್ಲವಾ? ಹಾಗಿದ್ದರೆ ಯಾರೋ ತಿಳಿಯದೆ ಎಂಜಿನ್ ಆಯಿಲ್ಲೋ ಸ್ಟಿಯರಿಂಗ್ ಆಯಿಲ್ಲೋ ಹಾಕಿದ್ದಾರೆ. ಆಗ ಒಂದೇ ಜಾಗ ರಿಪೇರಿ ಮಾಡಿ ಪ್ರಯೋಜನವಿಲ್ಲ. ಪೈಪ್ ತೊಳೆದು ಮಾಸ್ಟರ್, ಹೋಸ್, ಸ್ಲೇವ್, ಮೂರರ ರಬ್ಬರೂ ಹೊಸದಾಗಬೇಕು.

ಸಿಲಿಂಡರಿನ ಒಳಗೋಡೆಯಲ್ಲಿ ಗುಂಡಿ ಬಿದ್ದಿದ್ದರೆ ರಬ್ಬರ್ ಕಿಟ್ ಹಾಕಿಸಬೇಡಿ, ಸಿಲಿಂಡರೇ ಬದಲಾಯಿಸಿ. ಹೋಸ್ ಅಂತೂ ತಪ್ಪು ಅದರದ್ದಲ್ಲದಿದ್ದರೂ ಹೊಸದು ಹಾಕಿ ಅನ್ನುತ್ತೇನೆ, ಅದರ ವಯಸ್ಸಾಯಿತು. ಆಮೇಲೆ ಡಾಟ್ 3 ಅಥವಾ ಡಾಟ್ 4 ಆಯಿಲ್ ತುಂಬಿ, ಏರ್ ಪೂರ್ತಿ ತೆಗೆಯಿರಿ. ಡಾಟ್ 5 ಬೇಡ, ಅದು ಸಿಲಿಕೋನಿನದು. ಪೇಂಟಿನ ಮೇಲೆ ಬಿದ್ದ ಹನಿಯನ್ನು ಆಗಲೇ ನೀರು ಹಾಕಿ ತೊಳೆಯಿರಿ.

ಅಲ್ಲಿಯವರೆಗೆ ಘಾಟಿಗೆ ಹೋಗಬೇಡಿ. ಅರ್ಧ ಹಿಡಿದ ಕ್ಲಚ್‌ನಲ್ಲಿ ಆ 14 ತಿರುವು ಹತ್ತಿದರೆ ಈಗ ಚೆನ್ನಾಗಿರಬಹುದಾದ ಪ್ಲೇಟ್ ಕೂಡ ಸುಟ್ಟುಹೋಗುತ್ತದೆ.

ಪ್ರಶ್ನೆ: ನನ್ನ ಹಳೆಯ ಸುಮೋದಲ್ಲಿ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ನಿಂತರೆ ಗಾಡಿ ತಾನಾಗಿ ಮುಂದೆ ತೆವಳುತ್ತದೆ. ಎಲ್ಲೂ ಲೀಕ್ ಕಾಣುತ್ತಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾಸ್ಟರಿನ ಒಳಗಿನ ರಬ್ಬರ್ ಸವೆದಿರುವ ಸಾಧ್ಯತೆ ಹೆಚ್ಚು. ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರುತ್ತದೆ, ಹೊರಗೆ ಹನಿ ಬೀಳುವುದಿಲ್ಲ. ಪೆಡಲಿನ ರಾಡ್ ಮಾಸ್ಟರಿನೊಳಗೆ ಹೋಗುವ ಜಾಗವನ್ನು ಟಾರ್ಚ್ ಹಾಕಿ ಮುಟ್ಟಿ ನೋಡಿ. ಒದ್ದೆ ಇದ್ದರೆ ಹಿಂದಿನ ರಬ್ಬರೂ ಹೋಗಿದೆ. ರಿಪೇರಿ ಆಗುವವರೆಗೆ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ.