ಹಳೇ ಅಂಬಾಸಿಡರ್ ಘಾಟಿ ಹತ್ತುವಾಗ ಹೀಟ್ ಆಗುತ್ತಿದೆ: ದೊಡ್ಡ ರೇಡಿಯೇಟರ್ ಹಾಕಿಸಲೇ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸಲೇ?

ಸದ್ಯಕ್ಕೆ ಎರಡೂ ಬೇಡ. ಮೊದಲು ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು ಪಾಯಿಂಟ್ ಗ್ಯಾಪ್, ಅಂದರೆ ಒಳಗಿನ ಪಾಯಿಂಟ್ ತೆರೆದಾಗಿನ ಸಂದು, ಅಳೆಯಿರಿ.

"ಎರಡು ತಿಂಗಳ ಹಿಂದಷ್ಟೇ ಹೊಸ ಪಾಯಿಂಟ್ ಹಾಕಿಸಿ ಟೈಮಿಂಗ್ ಮಾಡಿಸಿದ್ದೇನೆ, ಹಾಗಾಗಿ ಅದರ ತೊಂದರೆ ಅಲ್ಲ" ಅಂತ ಬರೆದಿದ್ದೀರಿ (ಟೈಮಿಂಗ್ ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರುವ ಸಮಯ). ನಾವೂ ಇದೇ ಮಾತು ಹೇಳಿಕೊಂಡು ಗ್ಯಾರೇಜಿಂದ ಗ್ಯಾರೇಜಿಗೆ ಅಲೆದಿದ್ದೆವು. ಆ ಒಂದು ಮಾತಿಗೆ ನಮ್ಮ ಇಂಜಿನ್ ಮೇಲ್ಭಾಗದ ಸಿಲಿಂಡರ್ ಹೆಡ್ ಹೋಯಿತು.

ನಮ್ಮದೂ ಮಾರ್ಕ್ 4, 1489 ಸಿಸಿ ಪೆಟ್ರೋಲ್. ಅಪ್ಪನ ಕಾರು. ಮನೆ ಸಕಲೇಶಪುರದ ಕಡೆ, ಮಂಗಳೂರಿಗೆ ಹೋಗಿ ಬರುವುದು ಇದ್ದೇ ಇರುತ್ತಿತ್ತು. ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರು ಮಾಡಿದರೆ ಟೆಂಪರೇಚರ್ ಮುಳ್ಳು ಏರುತ್ತಿತ್ತು. ಮಾರನಹಳ್ಳಿ ಹೊತ್ತಿಗೆ ಬಾನೆಟ್ ಎತ್ತಿ ನಿಲ್ಲಲೇಬೇಕು. ಊರೊಳಗೆ ಓಡಾಡುವಾಗ ಮುಳ್ಳು ಅಲ್ಲಾಡುತ್ತಲೂ ಇರಲಿಲ್ಲ.

ಹೀಟ್ ಅಂದ ತಕ್ಷಣ ಎಲ್ಲರ ಕಣ್ಣು ನೀರಿನ ಮೇಲೆ ಹೋಗುತ್ತದೆ, ಅಲ್ವಾ? ನಮ್ಮದೂ ಹಾಗೇ ಆಯಿತು. ರೇಡಿಯೇಟರ್ ಬಿಚ್ಚಿ ಒಳಗಿನ ಕೊಳೆ ತೆಗೆಯಲು ರಾಡ್ ಹೊಡೆಸಿದೆವು. ವಾಟರ್ ಪಂಪ್ ಬದಲಾಯಿಸಿದೆವು. ಒಬ್ಬರು ಥರ್ಮೋಸ್ಟಾಟ್ ಕಿತ್ತು ಬಿಸಾಡಿದರು, ಇನ್ನೊಬ್ಬರು ರೇಡಿಯೇಟರ್ ಕ್ಯಾಪ್ ಬದಲಾಯಿಸಿದರು. ಕ್ಯಾಪ್ ಬದಲಾಯಿಸಿದ್ದು ಒಳ್ಳೆಯದೇ ಆಯಿತು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಘಾಟಿ ಮೇಲೆ ಬೇಗ ಕುದಿಯುವುದು ಸಹಜ. ಆದರೆ ಮೂಲ ತೊಂದರೆ ಹಾಗೇ ಉಳಿಯಿತು.

ಈಗ ಆ ಒಂದು ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ, ಯಾಕೆಂದರೆ ನೀವು ನಿಂತಿರುವುದು ಸರಿಯಾಗಿ ಅದೇ ಜಾಗದಲ್ಲಿ.

ಟೈಮಿಂಗ್ ಅಂದರೆ ಒಮ್ಮೆ ಕೂರಿಸಿದರೆ ಕೂತೇ ಇರುತ್ತದೆ ಅಂತ ನಾವು ನಂಬಿದ್ದೆವು. ಪಾಯಿಂಟ್ ಇರುವ ಗಾಡಿಯಲ್ಲಿ ಅದು ಹಾಗಿರುವುದಿಲ್ಲ. ಡೆಲ್ಕೊ ಒಳಗೆ ನಾಲ್ಕು ಮೂಲೆಯ ಒಂದು ಕ್ಯಾಮ್ ತಿರುಗುತ್ತದೆ. ಪಾಯಿಂಟ್‌ಗೆ ಅಂಟಿದ ಪುಟ್ಟ ಫೈಬರ್ ತುಂಡು ಆ ಕ್ಯಾಮ್‌ಗೆ ಉಜ್ಜುತ್ತಾ ಇರುತ್ತದೆ. ಮೂಲೆ ಬಂದು ಫೈಬರನ್ನು ತಳ್ಳಿದಾಗ ಪಾಯಿಂಟ್ ತೆರೆಯುತ್ತದೆ, ತೆರೆದ ಕ್ಷಣಕ್ಕೇ ಕಿಡಿ ಹಾರುತ್ತದೆ. ಕ್ಯಾಮ್ ಮೇಲೆ ಗ್ರೀಸ್ ಇಲ್ಲದಿದ್ದರೆ ಫೈಬರ್ ಬೇಗ ಸವೆಯುತ್ತದೆ. ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ತೆರೆಯುವುದು ತಡ, ಕಿಡಿಯೂ ತಡ. ಯಾರೂ ಡೆಲ್ಕೊ ಮುಟ್ಟಿಲ್ಲ, ಕ್ಲ್ಯಾಂಪ್ ಬೋಲ್ಟ್ ಸಡಿಲ ಆಗಿಲ್ಲ, ಆದರೂ ಟೈಮಿಂಗ್ ದಿನಾ ಒಂದಿಷ್ಟು ಹಿಂದೆ ಸರಿಯುತ್ತಾ ಹೋಗುತ್ತದೆ. ಅದೂ ಹೊಸ ಪಾಯಿಂಟ್ ಹಾಕಿದ ಮೊದಲ ದಿನಗಳಲ್ಲೇ ಜಾಸ್ತಿ. "ಹೊಸದು, ಹಾಗಾಗಿ ಸರಿ ಇದೆ" ಅಂತ ನಾವು ಅಂದುಕೊಂಡಿದ್ದೆವು. ಹೊಸದು ಅನ್ನುವ ಕಾರಣಕ್ಕೇ ಎಲ್ಲಕ್ಕಿಂತ ಮೊದಲು ಅದನ್ನು ನೋಡಬೇಕಿತ್ತು.

ಕಿಡಿ ತಡವಾದರೆ ಇಂಜಿನ್ ಯಾಕೆ ಬಿಸಿಯಾಗುತ್ತದೆ ಅಂತ ಕೇಳಬಹುದು. ಪಿಸ್ಟನ್ ಕೆಳಗೆ ಇಳಿಯುತ್ತಿರುವಾಗಲೂ ಪೆಟ್ರೋಲ್ ಉರಿಯುತ್ತಾ ಇರುತ್ತದೆ. ಪಿಸ್ಟನ್ ತಳ್ಳಬೇಕಾದ ಶಾಖ ಎಕ್ಸಾಸ್ಟ್ ವಾಲ್ವ್ ಮೂಲಕ ಆಚೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಹೆಡ್ಡನ್ನೂ ಅದರ ಸುತ್ತಲಿನ ನೀರನ್ನೂ ಕಾಯಿಸಿ ಹೋಗುತ್ತದೆ. ಪಿಕಪ್ ಇಲ್ಲ ಅಂತ ನೀವು ಇನ್ನಷ್ಟು ಎಕ್ಸಲರೇಟರ್ ಒತ್ತುತ್ತೀರಿ, ಇನ್ನಷ್ಟು ಪೆಟ್ರೋಲ್, ಇನ್ನಷ್ಟು ಶಾಖ. ಇದಕ್ಕೆ ದೊಡ್ಡ ರೇಡಿಯೇಟರ್ ಹಾಕುವುದು ಹೆಂಚು ಒಡೆದ ಮನೆಯಲ್ಲಿ ಕೆಳಗೆ ದೊಡ್ಡ ಬಕೆಟ್ ಇಟ್ಟ ಹಾಗೆ.

ನಮಗೂ ಸೂಚನೆ ಸಿಕ್ಕಿತ್ತು. ಮೈಲೇಜ್ ಬಿದ್ದಿತ್ತು, ಮೂರನೇ ಗೇರಲ್ಲಿ ಹತ್ತುತ್ತಿದ್ದ ಜಾಗಕ್ಕೆ ಎರಡನೇ ಗೇರ್ ಬೇಕಾಗುತ್ತಿತ್ತು. ಹೀಟ್ ಬೇರೆ, ಪಿಕಪ್ ಬೇರೆ ಅಂತ ಎರಡು ತೊಂದರೆ ಎಣಿಸಿಕೊಂಡೆವು. ನಿಮ್ಮ ಪ್ರಶ್ನೆಯಲ್ಲೂ ಕೊನೆಯಲ್ಲಿ "ಅಂದಹಾಗೆ ಪಿಕಪ್ ಕೂಡ ಕಡಿಮೆ ಆಗಿದೆ" ಅಂತ ಇದೆ. ಅದು ಅಂದಹಾಗೆ ಅಲ್ಲ ಸ್ವಾಮಿ, ಅದೇ ಮುಖ್ಯ ಸುಳಿವು!

ಕೊನೆಗೆ ಒಂದು ದಿನ ಘಾಟಿಯಲ್ಲಿ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿ ಗಾಡಿ ನಿಂತಿತು. ಹೆಡ್ ಸೊಟ್ಟಗಾಗಿತ್ತು, ಸಮತಟ್ಟು ಮಾಡುವ ಫೇಸಿಂಗ್ ಮಾಡಿಸಲು ಹೋದರೆ ಬಿರುಕೂ ಕಾಣಿಸಿತು. ಬೇರೆ ಹೆಡ್ ಹುಡುಕಿ ತಂದು ಕೂರಿಸಿದ ವಯಸ್ಸಾದ ಮೇಸ್ತ್ರಿಯೊಬ್ಬರು, ಸ್ಟಾರ್ಟ್ ಮಾಡುವ ಮುಂಚೆ ಡೆಲ್ಕೊ ಕ್ಯಾಪ್ ತೆಗೆದು ನನ್ನನ್ನು ಕರೆದು ತೋರಿಸಿದರು. ಪಾಯಿಂಟ್ ಕೂತ ಪ್ಲೇಟ್ ಮೇಲೆಲ್ಲ ನಯವಾದ ಕಂದು ಪುಡಿ. ಅದೇ ಸವೆದ ಫೈಬರ್. ಕ್ಯಾಮ್ ಒಣಗಿ ಹೊಳೆಯುತ್ತಿತ್ತು. ಸಂದು ಅಳೆಯುವ ಫೀಲರ್ ಗೇಜಿನ ತೀರಾ ತೆಳು ಎಲೆ ಮಾತ್ರ ಪಾಯಿಂಟ್ ಮಧ್ಯೆ ನುಗ್ಗಿತು. ಆಮೇಲೆ ಬಲ್ಬ್ ಕಟ್ಟಿ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿದರು. ಪಿಸ್ಟನ್ ಮೇಲಕ್ಕೆ ಬರುವ ಮುಂಚೆಯೇ ಹತ್ತಬೇಕಾದ ಬಲ್ಬು, ಇಂಜಿನ್ ಮುಂದಿನ ಪುಲ್ಲಿಯ ಗುರುತು ಅದರ ಎದುರಿನ ಟೈಮಿಂಗ್ ಸೂಚಕವನ್ನು ದಾಟಿ ಹೋದ ಮೇಲೆ ಹತ್ತಿತು.

ನೀವು ಇದನ್ನು ಮನೆಯಲ್ಲೇ ಮಾಡಬಹುದು. ಲ್ಯೂಕಾಸ್ ಮಾದರಿಯ ಡೆಲ್ಕೊ ಆದರೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಅಂದರೆ 14ರಿಂದ 16 ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ). ಫೈಬರ್ ತುಂಡು ಕ್ಯಾಮ್‌ನ ಮೂಲೆ ಮೇಲೆ ಕೂತಿರುವಾಗ ಅಳೆಯಬೇಕು. ಕ್ಯಾಮ್‌ಗೆ ಸವರಿದಷ್ಟೇ ಗ್ರೀಸ್ ಸಾಕು, ಜಾಸ್ತಿ ಹಾಕಿದರೆ ಹಾರಿ ಪಾಯಿಂಟ್‌ಗೆ ಮೆತ್ತುತ್ತದೆ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಟೈಮಿಂಗ್ ಮಾಡಿ ಆಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಟೈಮಿಂಗ್ ಕೆಟ್ಟಿತು ಅಂತಲೇ ಲೆಕ್ಕ.

ಟೈಮಿಂಗ್‌ಗೆ 12 ವೋಲ್ಟ್ ಬಲ್ಬ್ ಸಾಕು. ಒಂದು ವೈರ್ ಡೆಲ್ಕೊಗೆ ಬರುವ ಸಣ್ಣ ವೈರಿನ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ರೇಡಿಯೇಟರ್ ಪಕ್ಕದ್ದೇ ಒಂದನೇ ಸಿಲಿಂಡರ್, ಅದರ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಕಂಪ್ರೆಷನ್ ಗೊತ್ತಾಗುತ್ತದೆ. ಇಗ್ನಿಷನ್ ಆನ್ ಮಾಡಿ, ಕಾಯಿಲ್‌ನಿಂದ ಬರುವ ದಪ್ಪ ವೈರ್ ಡೆಲ್ಕೊ ಕ್ಯಾಪಿಂದ ಕಿತ್ತು ಬಾಡಿಗೆ ತಾಗಿಸಿಟ್ಟು, ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿ. ಬಲ್ಬ್ ಹತ್ತಿದ ಕ್ಷಣ ಪುಲ್ಲಿ ಗುರುತು ಎಲ್ಲಿದೆ ನೋಡಿ. ಎಷ್ಟು ಡಿಗ್ರಿ ಅನ್ನುವುದನ್ನು ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ ಹಾಕಿ, ನನ್ನ ಮಾತು ಕೇಳಿ ಬೇಡ, ಕಿವಿಯಲ್ಲಿ ಸದ್ದು ಕೇಳಿ ತಿರುಗಿಸುವವರ ಕೈಗಂತೂ ಕೊಡಲೇಬೇಡಿ. ಅಡ್ವಾನ್ಸ್ ಜಾಸ್ತಿಯಾದರೆ, ಅಂದರೆ ಕಿಡಿ ತೀರಾ ಮುಂಚೆ ಹಾರಿದರೆ, ಏರಿನಲ್ಲಿ ಟಿಣ್ ಟಿಣ್ ಅಂತ ನಾಕಿಂಗ್ ಬಂದು ಪಿಸ್ಟನ್ ಹಾಳಾಗುತ್ತದೆ, ಅದೂ ಹೀಟೇ.

ಮುಚ್ಚಳ ತೆಗೆದಾಗಲೇ ಇನ್ನೂ ಮೂರು ನೋಡಿಬಿಡಿ. ಮುಚ್ಚಳದ ಕೆಳಗೆ ತಿರುಗುವ ರೋಟರನ್ನು ಕೈಯಲ್ಲಿ ತಿರುಚಿ ಬಿಟ್ಟರೆ ಸ್ಪ್ರಿಂಗ್ ಎಳೆದು ವಾಪಸ್ ಬರಬೇಕು. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಹೀರಿದರೆ ಪ್ಲೇಟ್ ಅಲುಗಬೇಕು, ಅಲುಗದಿದ್ದರೆ ಡಯಾಫ್ರಮ್ ಹರಿದಿರಬಹುದು. ಶಾಫ್ಟ್ ಅಕ್ಕಪಕ್ಕ ಆಡುತ್ತಿದ್ದರೆ ಬುಷ್ ಸವೆದಿದೆ, ಆಗ ಯಾವ ಗ್ಯಾಪೂ ನಿಲ್ಲುವುದಿಲ್ಲ.

ಫ್ಯಾನ್ ವಿಷಯ: ಟ್ರಾಫಿಕ್‌ನಲ್ಲಿ ನಿಂತಾಗ ಹೀಟ್ ಆಗಿ, ಓಡುವಾಗ ಇಳಿದರೆ ಮಾತ್ರ ಅದರ ಬಗ್ಗೆ ಯೋಚಿಸಿ. ನಿಮ್ಮದು ಹಾಗಲ್ಲ. ಥರ್ಮೋಸ್ಟಾಟ್ ತೆಗೆಸಿದ್ದರೆ ವಾಪಸ್ ಹಾಕಿಸಿ, ಅದನ್ನು ಕಿತ್ತು ಹೀಟ್ ಗುಣವಾದ ಗಾಡಿ ನಾನು ಕಂಡಿಲ್ಲ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ಹಳೇ ಕಾರ್ಬುರೇಟರಿಗೆ ಮಿಶ್ರಣ ತೆಳುವಾಗುತ್ತದೆ, ಟೈಮಿಂಗ್ ಸರಿ ಮಾಡಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಕಾರ್ಬುರೇಟರ್ ಕಡೆ ಗಮನ ಕೊಡಿ.

ಇಷ್ಟೆಲ್ಲ ಸರಿ ಇದ್ದೂ ಹೀಟ್ ನಿಲ್ಲದಿದ್ದರೆ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮುಂಚೆಯೇ ಗುಳ್ಳೆ ಏಳುತ್ತಲೇ ಇದ್ದರೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ, ಅವತ್ತಿಂದ ಘಾಟಿ ಹತ್ತಿಸಬೇಡಿ. ಗುಳ್ಳೆ ಇಲ್ಲ, ಗ್ಯಾಪ್ ಟೈಮಿಂಗ್ ಎರಡೂ ಸರಿ ಅಂದರೆ ಆಗ ರೇಡಿಯೇಟರ್ ಬಿಚ್ಚಿಸಿ. ದೊಡ್ಡದು ಬೇಕಿಲ್ಲ, ಇರುವುದನ್ನೇ ಸ್ವಚ್ಛ ಮಾಡಿಸಿದರೆ ಸಾಕು.