42ಕ್ಕೆ ಕುದುರೆ ಟ್ರೇನರ್ ಆಗಬಹುದೇ?

ಪ್ರಶ್ನೆ: ಚಿಕ್ಕಂದಿನಿಂದಲೂ ನನಗೆ ಕುದುರೆ ಎಂದರೆ ಪ್ರಾಣ. ಓದು, ಕೆಲಸ, ಸಂಸಾರ ಅಂತ ಆ ಆಸೆ ಹಿಂದೆ ಬಿತ್ತು. ಈಗ 42 ವರ್ಷ. ಎರಡು ವರ್ಷದಿಂದ ರಜಾದಿನಗಳಲ್ಲಿ ಸವಾರಿ ಕಲಿಯುತ್ತಿದ್ದೇನೆ. ಕುದುರೆಗಳನ್ನು ಪಳಗಿಸುವ ಟ್ರೇನರ್ ಆಗಬೇಕು ಅನ್ನಿಸುತ್ತಿದೆ. ತಡವಾಯಿತೇ? ಎಷ್ಟು ವರ್ಷ ಹಿಡಿಯುತ್ತದೆ?

ಉತ್ತರ: ತಡವಾಗಿಲ್ಲ. ಆದರೆ ವರ್ಷದ ಲೆಕ್ಕ ನನ್ನಿಂದ ಹೇಳಲಾಗದು. ನಾನು ಹುಡುಗನಾಗಿದ್ದಾಗ ಲಾಯದಲ್ಲಿ ಲದ್ದಿ ಎತ್ತುತ್ತಾ ಈ ಕೆಲಸಕ್ಕೆ ಬಂದವನು. ಈಗ ಅರವತ್ತು ದಾಟಿದೆ. ಹೊಸ ಕುದುರೆ ಬಂದರೆ ಮೊದಲ ದಿನ ಈಗಲೂ ಜೀನು ಮುಟ್ಟುವುದಿಲ್ಲ. ಬೇಲಿ ಪಕ್ಕ ನಿಂತು ಸುಮ್ನೆ ನೋಡುತ್ತೇನೆ. ಯಾವ ಕಾಲಿಗೆ ಭಾರ ಕೊಡಲು ಹಿಂಜರಿಯುತ್ತದೆ, ಮೇಯುವಾಗ ಯಾವ ಸದ್ದಿಗೆ ತಲೆ ಎತ್ತುತ್ತದೆ, ಕಿವಿ ಎತ್ತ ತಿರುಗುತ್ತದೆ. ಇಷ್ಟು ನೋಡಲು ಕಣ್ಣು ಪಳಗುವುದಕ್ಕೇ ನನಗೆ ಬಹಳ ಕಾಲ ಹಿಡಿಯಿತು.

ಸವಾರಿ ಬೇರೆ, ಕಲಿಸುವುದು ಬೇರೆ. ಕುದುರೆಗೆ ಆಗಲೇ ಗೊತ್ತಿರುವುದನ್ನು ಸವಾರ ಬಳಸಿಕೊಳ್ಳುತ್ತಾನೆ. ಗೊತ್ತಿಲ್ಲದ್ದನ್ನು ಅದರ ತಲೆಗೆ ಹಾಕುವವನು ಟ್ರೇನರ್.

ಒಂದು ಸಣ್ಣ ಕೆಲಸ ತೆಗೆದುಕೊಳ್ಳಿ. ಕುದುರೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ಎದೆಗೆ ನೇರ ನಿಲ್ಲಬೇಡಿ, ಭುಜದ ಪಕ್ಕಕ್ಕೆ ನಿಲ್ಲಿ. ಹಗ್ಗವನ್ನು ಗದ್ದದ ಕೆಳಗೆ ಹಿಡಿದು ಹಿಂದಕ್ಕೆ ಒಂದಿಷ್ಟು ಒತ್ತಡ ಕೊಡಿ. ಜಗ್ಗಬೇಡಿ, ಬಿಡಲೂ ಬೇಡಿ. ಅದು ತಲೆ ಎತ್ತಬಹುದು, ನಿಮ್ಮನ್ನೇ ನೂಕಬಹುದು. ಕಾಯಿರಿ. ಒಂದು ಗಳಿಗೆಯಲ್ಲಿ ಅದರ ಮೈಭಾರ ಹಿಂದಕ್ಕೆ ವಾಲುತ್ತದೆ. ಗೊರಸು ಇನ್ನೂ ನೆಲ ಬಿಟ್ಟಿರುವುದಿಲ್ಲ. ಆಗಲೇ ಕೈ ಸಡಿಲಿಸಬೇಕು. ಒತ್ತಡದಿಂದ ಕುದುರೆ ಕಲಿಯುವುದಿಲ್ಲ, ಒತ್ತಡ ಹೋದಾಗ ಕಲಿಯುತ್ತದೆ. ಅದು ತಲೆ ಎಸೆದ ಹೊತ್ತಿಗೆ ನೀವು ಕೈ ಬಿಟ್ಟರೆ, ತಲೆ ಎಸೆಯುವುದನ್ನೇ ನೀವು ಕಲಿಸಿದ ಹಾಗಾಯಿತು. ಆ ಸಮಯ ಕೈಗೆ ಹತ್ತಲು ಬೇರೆ ಬೇರೆ ಸ್ವಭಾವದ ಕುದುರೆಗಳು ಬೇಕು, ಹೆದರುವುದು, ಹಟದ್ದು, ಸೋಮಾರಿ ಎಲ್ಲವೂ. ಒಂದೇ ಕುದುರೆಯ ಜೊತೆ ಎಷ್ಟು ವರ್ಷ ಕಳೆದರೂ ಆ ಒಂದು ಕುದುರೆಯ ಕೆಲಸ ಮಾತ್ರ ಬರುತ್ತದೆ.

ನಿಮ್ಮ ಮೈ ಏನು ಹೇಳುತ್ತದೆ ಅನ್ನುವುದೂ ಮುಖ್ಯ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಇದರ ಗುಟ್ಟು ಕಂಡುಹಿಡಿದ. ಉತ್ತರ ಬಂದಾಗ ಪ್ರಶ್ನೆ ಕೇಳಿದವರ ತಲೆ ಅವರಿಗೇ ಗೊತ್ತಾಗದಂತೆ ಒಂಚೂರು ಅಲುಗುತ್ತಿತ್ತು. ಅದನ್ನು ನೋಡಿ ಹ್ಯಾನ್ಸ್ ನಿಲ್ಲಿಸುತ್ತಿತ್ತು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಅದಕ್ಕೂ ಗೊತ್ತಿರುತ್ತಿರಲಿಲ್ಲ. ಅಷ್ಟು ಸೂಕ್ಷ್ಮವಾಗಿ ನೋಡುವ ಪ್ರಾಣಿಯ ಎದುರು ನೀವು ಭುಜ ಬಿಗಿದುಕೊಂಡು, ಉಸಿರು ಹಿಡಿದುಕೊಂಡು ‘ಹೆದರಬೇಡ’ ಅಂದರೆ ಅದು ನಂಬುತ್ತದೆಯೇ? ನನಗೆ ಈ ಕೆಲಸದ ಮೇಲೆ ಇಷ್ಟು ಪ್ರೀತಿ ಇರುವುದೇ ಇದಕ್ಕಾಗಿ.

ವಯಸ್ಸಿನ ಬಗ್ಗೆ ಚಿಂತೆ ಬೇಡ. ಕುದುರೆ ಸುಮಾರು 500 ಕಿಲೋ ತೂಗುತ್ತದೆ. ಇಪ್ಪತ್ತರ ಹುಡುಗನ ಬಲವೂ ಅದರ ಮುಂದೆ ನಡೆಯುವುದಿಲ್ಲ. ಆದರೆ ಬಿದ್ದರೆ ನಿಮ್ಮ ಮೂಳೆ ಕೂಡಲು ಜಾಸ್ತಿ ದಿನ ಬೇಕು, ಅಲ್ವಾ? ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಮೊದಲು ನೆಲದ ಮೇಲಿನ ಕೆಲಸ ಕಲಿಯಿರಿ: ಮೈ ಉಜ್ಜುವುದು, ಗೊರಸು ಶುಚಿ ಮಾಡುವುದು, ಹಗ್ಗ ಹಿಡಿದು ನಡೆಸುವುದು. ಎಳೆಯ ಕುದುರೆ ಬೇಡ, ಅನುಭವಸ್ಥ ಕುದುರೆಯೇ ನಿಮಗೆ ಒಳ್ಳೆಯ ಮೇಷ್ಟ್ರು. ಈಗಿನ ಕೆಲಸ ಸದ್ಯಕ್ಕೆ ಬಿಡಬೇಡಿ.

ಗುರುವನ್ನು ಹುಡುಕುವಾಗ ಅವರ ಮಾತು ಕೇಳುವ ಮೊದಲು ಅವರ ಕುದುರೆಗಳನ್ನು ನೋಡಿ. ಅವರು ಒಳಗೆ ಬಂದಾಗ ಕುದುರೆ ಬಾಗಿಲಿಗೆ ಬರುತ್ತದೆಯೋ, ಬೆನ್ನು ತಿರುಗಿಸುತ್ತದೆಯೋ? ಎಳೆಯ ಕುದುರೆಯ ಮೇಲೆ ಅವಸರದಲ್ಲಿ ಭಾರ ಹೊರಿಸುವವರಿಂದ ದೂರ ಇರಿ. ಬೆನ್ನುಮೂಳೆಯ ಬೆಳವಣಿಗೆ ಪೂರ್ತಿಯಾಗಲು ಕುದುರೆಗೆ ಐದಾರು ವರ್ಷ ಬೇಕು.

ಪ್ರಶ್ನೆ: ಚಾವಟಿ ಇಲ್ಲದೆ ಕುದುರೆ ಮಾತು ಕೇಳುತ್ತದೆಯೇ?

ಉತ್ತರ: ಕೇಳುತ್ತದೆ. ನನ್ನ ಕೈಯಲ್ಲೂ ಉದ್ದನೆಯ ಕೋಲು ಇರುತ್ತದೆ, ಕೈಗೆ ಎಟುಕದ ಜಾಗವನ್ನು ಮುಟ್ಟಿ ತೋರಿಸುವುದಕ್ಕೆ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬೇಡಿ ಎಂದು ಗ್ರೀಸಿನ ಸೇನಾನಿ, ಲೇಖಕ ಕ್ಸೆನೊಫೋನ್ 2300 ವರ್ಷಕ್ಕೂ ಹಿಂದೆಯೇ ಬರೆದಿದ್ದಾನೆ. ನಾನು ಅದನ್ನೇ ಪಾಲಿಸುತ್ತೇನೆ.

ಪ್ರಶ್ನೆ: ನನ್ನ ಒಂಬತ್ತು ವರ್ಷದ ಕುದುರೆ ಒಂದು ತಿಂಗಳಿಂದ ಕಡಿವಾಣ ಹಾಕಲು ಹೋದರೆ ತಲೆ ಮೇಲೆತ್ತಿಬಿಡುತ್ತದೆ. ಮೊದಲು ಹೀಗಿರಲಿಲ್ಲ. ಈ ಹಟ ಬಿಡಿಸುವುದು ಹೇಗೆ?

ಉತ್ತರ: ‘ಮೊದಲು ಹೀಗಿರಲಿಲ್ಲ’ ಅಂದಿರಲ್ಲ, ಅದೇ ಸುಳಿವು. ಹಟ ಅನ್ನುವ ಮೊದಲು ನೋವು ಇದೆಯೇ ನೋಡಿ. ಕುದುರೆಯ ದವಡೆ ಹಲ್ಲು ಸವೆಯುತ್ತಾ ಇರುತ್ತವೆ, ಒಸಡಿನಿಂದ ಮೇಲೆ ಬರುತ್ತಲೂ ಇರುತ್ತವೆ. ಮೇಲಿನ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ. ಪಶುವೈದ್ಯರಿಂದ ಬಾಯಿ, ಕಿವಿಯ ಒಳಗೆ ಎರಡನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕಡಿವಾಣ ಬೇಡ.

ನೋವಿಲ್ಲ ಎಂದು ಖಾತ್ರಿಯಾದ ಮೇಲೆ, ಕಿವಿಗಳ ಹಿಂದೆ ಅಂಗೈ ಇಟ್ಟು, ತಲೆ ಒಂಚೂರು ಇಳಿದ ಕೂಡಲೇ ಕೈ ತೆಗೆಯಿರಿ. ಇದನ್ನೇ ಕೆಲವು ದಿನ ಮಾಡಿ. ಆಮೇಲೆ ಬಾಯಿಯ ಮೂಲೆಯಲ್ಲಿ, ಹಲ್ಲಿಲ್ಲದ ಜಾಗಕ್ಕೆ ಹೆಬ್ಬೆರಳು ತೂರಿಸಿ, ಅದು ಬಾಯಿ ತೆರೆಯುತ್ತದೆ. ತೆಗೆಯುವಾಗಲೂ ಎಳೆಯಬೇಡಿ. ಪಟ್ಟಿಯನ್ನು ಕಿವಿಯಿಂದ ಇಳಿಸಿ ಕಾಯಿರಿ, ಕುದುರೆಯೇ ಕಬ್ಬಿಣವನ್ನು ಬಾಯಿಂದ ಬಿಡಲಿ. ಅದು ಹಲ್ಲಿಗೆ ಬಡಿದರೆ ನಾಳೆ ಮತ್ತೆ ತಲೆ ಮೇಲೆತ್ತುತ್ತದೆ.